ಗದ್ದೆ ಮುಳುಗಿಸಿ ಗೆದ್ದ ಊರು

ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಬಾಡಿಗೆ ಕೋಣೆ ಸಿಗುವುದಕ್ಕಿಂತ ಅಲ್ಲಿನ ಯೂನಿವರ್ಸಿಟಿಯಲ್ಲಿ ಸೀಟು ಸಿಗುವುದು ಸುಲಭ. ಎಷ್ಟೋ ಜಾಹೀರಾತುಗಳಲ್ಲಿ ‘ವಿದೇಶಿ ವಿದ್ಯಾರ್ಥಿಗಳು ಬೇಡ’ ಎಂದು ಮೊದಲೇ ಬರೆದಿರುತ್ತಾರೆ. ಅಂತೂ ಇಂತೂ ನನಗೆ ಸಿಕ್ಕಿದ್ದು ನಿವೃತ್ತ ಟೀಚರಮ್ಮನೊಬ್ಬರ ಮನೆಯ ಅಟ್ಟದ ಕೋಣೆ. ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ ಇಳಿಯುವಾಗ ಗೋಡೆಗೆ ಮುಖ ಮಾಡಿ ಹಿಮ್ಮುಖವಾಗಿಯೇ ಇಳಿಯಬೇಕು. ಹೆಸರು ಹಿಡಿದು ಕರೆ ಎಂದು ಅವರು ಎಷ್ಟು ಹೇಳಿದರೂ ನನ್ನ ನಾಲಿಗೆ ಹೊರಳಲಿಲ್ಲ. ಏನೂ ಕರೆಯದೆ ಎದುರು ಹೋಗಿ ನಿಂತು ಮಾತು ಶುರು ಮಾಡುತ್ತಿದ್ದೆ.

ಅಕ್ಟೋಬರ್ 2ರ ಸಂಜೆ ಅವರು ನನ್ನನ್ನು ಅಡುಗೆಮನೆಗೆ ಕರೆದು, ಕ್ಯಾರೆಟ್, ಈರುಳ್ಳಿ, ಆಲೂಗಡ್ಡೆ ರಾಶಿ ಹಾಕಿ ಕೈಗೆ ಚಾಕು ಕೊಟ್ಟರು. ನಾಳೆ ಇಡೀ ಊರಿಗೆ ಹಬ್ಬ, ಯೂನಿವರ್ಸಿಟಿಗೂ ರಜೆ, ಬೆಳಿಗ್ಗೆ 7ಕ್ಕೆ ಪುರಭವನದ ಮುಂದೆ ಇರಬೇಕು ಎಂದರು. ರೈಲಿನಲ್ಲಿ ಕಾಲು ಗಂಟೆ ದೂರದ ಹೇಗ್‌ನಲ್ಲಿ ಅದು ಮಾಮೂಲಿ ದಿನ! ಕ್ಯಾರೆಟ್ ಹೆಚ್ಚುತ್ತಾ ಕೂತಾಗ ಕತೆ ಬಂತು.

ಆಗ ಈ ನಾಡು ತನ್ನನ್ನು ಆಳುತ್ತಿದ್ದ ಸ್ಪೇನಿನ ರಾಜನ ವಿರುದ್ಧ ದಂಗೆ ಎದ್ದಿತ್ತು. 1574ರ ಮೇ ತಿಂಗಳಿಂದ ಸ್ಪೇನಿನ ಸೈನ್ಯ ಲೈಡನ್ ಸುತ್ತ ಬೀಡುಬಿಟ್ಟಿತ್ತು. ಕೋಟೆಯೊಳಗೆ ಹಸಿವು, ಪ್ಲೇಗ್. ಸಾವಿರಾರು ಜನ ಸತ್ತರು. ದಂಗೆಯ ನಾಯಕ ಆರೆಂಜ್‌ನ ವಿಲಿಯಂಗೆ ನೆಲದ ಮೇಲೆ ಬಂದು ಬಿಡಿಸುವ ಬಲ ಇರಲಿಲ್ಲ. ಹಾಗಾಗಿ ಒಡ್ಡುಗಳನ್ನು ಒಡೆಸಿದ. ರಾಟರ್‌ಡ್ಯಾಮ್ ಕಡೆಯಿಂದ ನೀರು ಹೊಲ, ಹುಲ್ಲುಗಾವಲುಗಳ ಮೇಲೆ ನುಗ್ಗಿತು, ಆ ನೀರಿನ ಮೇಲೆ ಚಪ್ಪಟೆ ತಳದ ಹಡಗುಗಳು ಹೊರಟವು. ನೀರು ಸಾಲದೆ ದಾರಿಯಲ್ಲೇ ಸಿಕ್ಕಿಹಾಕಿಕೊಂಡವು ಕೂಡ. ಅಕ್ಟೋಬರ್ ಮೊದಲಲ್ಲಿ ಬಿರುಗಾಳಿಗೆ ನೀರು ಏರಿತು, ಸ್ಪೇನಿನವರು ರಾತ್ರೋರಾತ್ರಿ ಕಾಲ್ಕಿತ್ತರು. 3ರ ಬೆಳಿಗ್ಗೆ ಹಡಗುಗಳು ಹೆರಿಂಗ್ ಮೀನು, ಬಿಳಿ ಬ್ರೆಡ್ ಹೊತ್ತು ಊರೊಳಗೆ ಬಂದವು. ಖಾಲಿಯಾದ ಶಿಬಿರದಲ್ಲಿ ಅನಾಥ ಹುಡುಗನೊಬ್ಬನಿಗೆ ಸಿಕ್ಕ ಪಾತ್ರೆಯಲ್ಲಿದ್ದ ಅಡುಗೆಯೇ ಹುಟ್ಸ್‌ಪಾಟ್ ಅಂತೆ, ನಾವು ಆಗ ಹೆಚ್ಚುತ್ತಿದ್ದದ್ದು ಅದಕ್ಕೇ. ‘ಆಗಿನ್ನೂ ಇಲ್ಲಿಗೆ ಆಲೂಗಡ್ಡೆ ಬಂದಿರಲಿಲ್ಲ, ಅದು ಬೇರೆ ಮಾತು’ ಎಂದು ಟೀಚರಮ್ಮ ನಕ್ಕರು.

ಬೆಳಿಗ್ಗೆ ಚಳಿಯಲ್ಲಿ ಬ್ಯಾಂಡು, ಹಾಡು, ಪೂರ್ತಿ ನಿದ್ದೆ ತಿಳಿಯದ ಹುಡುಗರು. ಅಲ್ಲಿಂದ ಹಳೆಯ ತೂಕದ ಕಟ್ಟೆ ವಾಗ್ ಹತ್ತಿರ ಮೀನು, ಬ್ರೆಡ್ ಹಂಚಿಕೆ. ನಾನು ಮೀನು ತಿನ್ನುವ ಮನೆಯವಳೇ. ಆದರೆ ಬೇಯಿಸದೆ ಉಪ್ಪಿನಲ್ಲಿ ಹದ ಮಾಡಿದ ಮೀನಿನ ಮೇಲೆ ಬರೀ ಈರುಳ್ಳಿ ಚೂರು ಉದುರಿಸಿ ತಿನ್ನುವಾಗ, ಹುಣಸೆಹುಳಿ, ಮೆಣಸಿನಕಾಯಿ ಕಾಣದ ಆ ಮೀನಿನ ಮೇಲೆ ಕನಿಕರ ಹುಟ್ಟಿತು. ಎರಡನೇ ತುತ್ತಿಗೆ ರುಚಿಯೂ ಹತ್ತಿತು.

ಆಮೇಲೆ ವಾನ್ ಡೆರ್ ವೆರ್ಫ್ ಪಾರ್ಕು. ಮುತ್ತಿಗೆಯ ಹೊತ್ತಿನ ಮೇಯರ್‌ನ ಪ್ರತಿಮೆ ಇದೆ. ಹಸಿದ ಜನರಿಗೆ ‘ನನ್ನ ತೋಳನ್ನೇ ತಿನ್ನಿ, ಶರಣಾಗುವುದು ಬೇಡ’ ಎಂದನೆಂಬ ಕತೆಯ ಮನುಷ್ಯ. ಮರುವರ್ಷ, 1575ರಲ್ಲಿ, ಊರಿಗೆ ಯೂನಿವರ್ಸಿಟಿ ಬಂತು. ಕಾನೂನು ಓದುವ ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಅದರ ಸ್ಥಾಪನಾ ಪತ್ರ ಹೊರಟಿದ್ದು ಸ್ಪೇನಿನ ರಾಜ ಎರಡನೇ ಫಿಲಿಪ್‌ನ ಹೆಸರಿನಲ್ಲೇ! ಯಾರ ವಿರುದ್ಧ ಕಾದಾಡಿದರೋ ಅವನ ಹೆಸರಲ್ಲೇ ಕಾಗದ. ವಕೀಲರ ಬುದ್ಧಿ ಎಲ್ಲ ಕಾಲಕ್ಕೂ ಒಂದೇ ಇರಬೇಕು.

ಜನ ಒಟ್ಟಾಗಿ ಹಳೆಯ ಹಾಡು ಹಾಡುತ್ತಿದ್ದಾಗ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಆ ಹೊಲಗಳು. ನನ್ನದು ಸಾಗರ ತಾಲ್ಲೂಕು. ಅಜ್ಜಿಯ ತವರು ಮನೆ, ಗದ್ದೆ ಎಲ್ಲ ಲಿಂಗನಮಕ್ಕಿ ಹಿನ್ನೀರಿನಡಿ ಇವೆ. 1964ರಲ್ಲಿ ಅಣೆಕಟ್ಟು ಮುಗಿಯಿತು, ನಾಡಿಗೆ ಕರೆಂಟು ಬಂತು, ಮುಳುಗಡೆಯವರ ಭೂಮಿ ಹಕ್ಕಿನ ತಗಾದೆ ಇಂದಿಗೂ ಬಗೆಹರಿದಿಲ್ಲ. ಊರು ಉಳಿಸಲು ನೀರು ಬಿಟ್ಟರು ಎಂದರೆ ನಾನು ಮೊದಲು ಕೇಳುವುದು ಯಾರ ಗದ್ದೆಗೆ ಎಂದೇ. ಟೀಚರಮ್ಮನನ್ನು ಕೇಳಿದೆ. ಅವರು ತಡವರಿಸಲಿಲ್ಲ. ‘ಝೂಟರ್‌ಮೇರ್, ಝೂಟರ್‌ವೌಡೆ ಕಡೆಯ ರೈತರದ್ದು. ಒಪ್ಪಿಗೆ ಯಾರು ಕೇಳುತ್ತಾರೆ? ಈ ಪಾರ್ಕಿನಲ್ಲಿ ಅವರಿಗೆ ಪ್ರತಿಮೆ ಇಲ್ಲ. ಸೈಕಲ್ ಇದೆಯಲ್ಲ, ಹೋಗಿ ನೋಡಿಕೊಂಡು ಬಾ.’

ಸಂಜೆ ಹುಟ್ಸ್‌ಪಾಟ್ ಉಂಡೆವು. ಒಗ್ಗರಣೆ ಹಾಕಲು ಕೈ ತುರಿಸಿತು, ಅವರ ಹಬ್ಬವೆಂದು ಸುಮ್ಮನಿದ್ದೆ.

ಭಾನುವಾರ ಝೂಟರ್‌ವೌಡೆಗೆ ಹೋದೆ. ದೂರವೇನಿಲ್ಲ, ಎದುರುಗಾಳಿಯದೇ ಕಾಟ. ಕಾಲುವೆಯ ನೀರು ಮೇಲೆ, ನೆಲ ಕೆಳಗೆ. ನಡುವೆ ಹಸಿರು ಒಡ್ಡು, ಒಡ್ಡಿನಾಚೆ ಕಪ್ಪು-ಬಿಳಿ ಹಸುಗಳು. ಮುಳುಗಡೆಯ ಗುರುತು ಒಂದೂ ಇಲ್ಲ. ಅಲ್ಲಿಂದಲೇ ಅಜ್ಜಿಗೆ ವಿಡಿಯೊ ಕಾಲ್ ಮಾಡಿ ಎಲ್ಲ ಹೇಳಿದೆ.

‘ಆ ನೀರು ಇಳೀತಾ ಮತ್ತೆ?’

‘ಇಳೀತಜ್ಜಿ. ಒಡ್ಡು ಕಟ್ಟಿ ನೀರು ಹೊರಗೆ ಹಾಕಿದ್ರು. ಈಗ ನೋಡು, ಒಣ ನೆಲ.’

‘ಪುಣ್ಯ ಮಾಡಿದ್ರು ಬಿಡು. ಏನ್ ಬೆಳೀತಾರೆ ಅಲ್ಲಿ?’

‘ಹುಲ್ಲು.’

‘ಬರೀ ಹುಲ್ಲಾ?’ ಅಜ್ಜಿಗೆ ಸಿಟ್ಟೇ ಬಂತು. ‘ಅಷ್ಟು ಒಳ್ಳೆ ಗದ್ದೇಲಿ? ಒಂದು ಬೆಳೆ ಭತ್ತ ಹಾಕಕ್ಕೇನಾಗಿದೆ ಅವರಿಗೆ?’