ಇಳಿಯುವ ನೀರಿನ ಲೆಕ್ಕ: ಮೂರನೆಯ ಮಳೆ

ಸೀಮೆಸುಣ್ಣದ ಯೋಜನೆ ನೀರುಪಾಲಾಯಿತು. ತೊರೆಯ ಮಟ್ಟ ಅಳೆಯಲೆಂದು ದಡದ ಬಂಡೆಯ ಮೇಲೆ ಗೆರೆ ಎಳೆದಿದ್ದೆ. ಯಾವ ಮಳೆಯನ್ನು ಅಳೆಯಬೇಕಿತ್ತೋ ಅದೇ ಮಳೆ ಗೆರೆಯನ್ನು ತೊಳೆದು ಹಾಕಿತು. ಈಗ ಅದೇ ಬಂಡೆಯಲ್ಲಿ ಅಡ್ಡಲಾಗಿ ಹಾದಿರುವ ಬಿಳಿಕಲ್ಲಿನ ಪಟ್ಟೆಯೇ ನನ್ನ ಅಳತೆಗೋಲು. ನೀರು ಪಟ್ಟೆಗಿಂತ ಎಷ್ಟು ಬೆರಳು ಕೆಳಗಿದೆ, ಎಷ್ಟು ಬೆರಳು ಮೇಲಿದೆ ಎಂದು ಬರೆದುಕೊಳ್ಳುತ್ತೇನೆ. ತಿಳಿ ನೋಡಲು ಊರುಗೋಲಿನ ತುದಿಗೆ ಒಂದು ಬಿಳಿ ಮುಚ್ಚಳ ಕಟ್ಟಿದ್ದೇನೆ. ನೀರಿಗೆ ಇಳಿಸುತ್ತ ಹೋದಾಗ ಅದು ಎಲ್ಲಿ ಕಣ್ಮರೆಯಾಗುತ್ತದೋ ಅಷ್ಟು ತಿಳಿ. ಇವೆರಡರ ಜೊತೆಗೆ ಒಂದು ಥರ್ಮಾಮೀಟರ್. ಬೇಸಿಗೆ ಮಳೆ ಬಿದ್ದ ಎಷ್ಟು ಹೊತ್ತಿಗೆ ಈ ತೊರೆ ಕೀಟದಂಥ ಕೃತಕ ಗಾಳ (ಫ್ಲೈ) ಎಸೆದು ಮೀನು ಹಿಡಿಯುವ ಫ್ಲೈ ಫಿಶಿಂಗ್‌ಗೆ ಒದಗುತ್ತದೆ ಎಂದು ಕಂಡುಕೊಳ್ಳಲು ಹೊರಟವನ ಸಾಮಗ್ರಿ ಇಷ್ಟೇ.

ಮೂರನೆಯ ಮಳೆಗೆ ಮುಂಚಿನ ದಿನ, ಮಧ್ಯಾಹ್ನ 3 ಗಂಟೆ. ನೀರು ಪಟ್ಟೆಗಿಂತ ನಾಲ್ಕು ಬೆರಳು ಕೆಳಗೆ, ತಳದ ಹರಳು ಎಣಿಸುವಷ್ಟು ತಿಳಿ, ಉಷ್ಣಾಂಶ 21 ಡಿಗ್ರಿ. ಗಾಳದ ಕೋಲು, ಅಂದರೆ ರಾಡ್, ಜೋಡಿಸಲೇ ಇಲ್ಲ. 20 ಡಿಗ್ರಿ ದಾಟಿದ ನೀರಿನಲ್ಲಿ ತಂಪುನೀರಿನ ಮೀನಾದ ಟ್ರೌಟ್‌ಗೆ ಗಾಳ ಹಾಕುವುದಿಲ್ಲ ಎಂಬುದು ನಾನೇ ಹಾಕಿಕೊಂಡ ಕಟ್ಟು. ಸಮುದ್ರಮಟ್ಟದ ಲೆಕ್ಕದಲ್ಲಿ 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 20 ಡಿಗ್ರಿಯ ನೀರು ಹಿಡಿಯುವುದು 9ರಷ್ಟು. ಎತ್ತರದಲ್ಲಿ ಇನ್ನೂ ಕಡಿಮೆ. ನೀರು ಬೆಚ್ಚಗಾದಷ್ಟೂ ಮೀನಿಗೆ ಉಸಿರು ಹೆಚ್ಚು ಬೇಕು, ಸಿಗುವುದು ಮಾತ್ರ ಕಡಿಮೆ. ಸೆಣಸಿ ದಣಿದ ಮೀನನ್ನು ಬಿಟ್ಟರೂ ಅದು ಬದುಕುವ ಭರವಸೆಯಿಲ್ಲ. ಬಂಡೆಯ ಮೇಲೆ ಕುಳಿತು ಮೋಡ ನೋಡಿ ಮನೆಗೆ ಬಂದೆ.

ಮಳೆಯ ಸಂಜೆ. ತೊರೆಯ ಬಳಿ ಹನಿ ಬೀಳುವ ಮೊದಲೇ ನೀರು ಬದಲಾಗಿತ್ತು. ಮೇಲೆ ಎಲ್ಲೋ ಆಗಲೇ ಸುರಿದಿರಬೇಕು. ಮೊದಲು ಒಣ ಎಲೆ, ತೊಗಟೆಯ ಚೂರು, ಆಮೇಲೆ ನೊರೆ, ಆಮೇಲೆ ಬಣ್ಣ. ಈ ಕ್ರಮವನ್ನು ಮೂರೂ ಮಳೆಗಳಲ್ಲಿ ಕಂಡಿದ್ದೇನೆ, ಆದ್ದರಿಂದ ಈಗ ತೇಲುವ ಕಸ ಹೆಚ್ಚಿದ ಕೂಡಲೇ ದಡ ಹತ್ತುತ್ತೇನೆ. ಇಕ್ಕಟ್ಟಾದ ಕಣಿವೆಯಲ್ಲಿ ನೀರು ಏರಲು ಹೆಚ್ಚು ಹೊತ್ತು ಬೇಕಿಲ್ಲ. ಗುಡುಗು ಕೇಳಿಸಿತು, ರಾಡ್ ಬಿಚ್ಚಿದೆ. ರಾಡಿನ ಗ್ರಾಫೈಟ್ ವಿದ್ಯುತ್ ಹರಿಯುವ ವಸ್ತು, ಅದನ್ನು ಆಕಾಶಕ್ಕೆತ್ತಿ ನೀರಿನಲ್ಲಿ ನಿಲ್ಲುವಷ್ಟು ಹುಚ್ಚು ನನಗಿಲ್ಲ.

ಮರುದಿನ ಬೆಳಿಗ್ಗೆ. ಪಟ್ಟೆ ಮುಳುಗಿ ಮೇಲೆ ಆರು ಬೆರಳು ನೀರು. 15 ಡಿಗ್ರಿ. ಮುಚ್ಚಳ ಒಂದು ಗೇಣಿಗೇ ಮಾಯ. ಮೊದಲ ಎರಡು ಮಳೆಗಳಲ್ಲಿ ಈ ಬಣ್ಣ ನೋಡಿ ಹಿಂದಿರುಗಿದ್ದೆ; ಈ ಸಲ ನಿಂತೆ. ನಡುನೀರಿನ ಸೆಳವಿನಲ್ಲಿ ಯಾವ ಮೀನೂ ನಿಲ್ಲಲಾರದು, ಹಾಗಾದರೆ ಎಲ್ಲಿ? ದಡಕ್ಕೆ ಅಂಟಿಕೊಂಡು. ಮುಳುಗಿದ ಹುಲ್ಲಿನ ಅಂಚಿನಲ್ಲಿ, ನಿನ್ನೆ ನಾನು ಒಣ ಕಾಲಿನಲ್ಲಿ ನಡೆದಿದ್ದ ಜಾಗದಲ್ಲಿ! ನೀರೊಳಗೆ ಎಳೆಯುವ ವೂಲಿ ಬಗರ್ ಎಂಬ ಕಪ್ಪು ಫ್ಲೈ ಕಟ್ಟಿ, ದಡದ ಗುಂಟ ನಿಧಾನವಾಗಿ ಎಳೆದೆ. ರಾಡಿ ನೀರಿನಲ್ಲಿ ಗಾಢ ಬಣ್ಣದ ಆಕಾರವೇ ಎದ್ದು ಕಾಣುತ್ತದೆ, ಜೊತೆಗೆ ಮೀನು ತನ್ನ ಪಾರ್ಶ್ವರೇಖೆಯಿಂದ ನೀರಿನ ಅಲುಗಾಟವನ್ನೂ ಗ್ರಹಿಸುತ್ತದೆ. ಎರಡು ಗಂಟೆಗೆ ಒಂದೇ ಮೀನು. ಅದೂ ನನ್ನ ಬೂಟಿನಿಂದ ಎರಡು ಮಾರು ದೂರದಲ್ಲಿ. ತಳ ಕಾಣದ ನೀರಿಗೆ ಮೊಣಕಾಲಿನಾಚೆ ಇಳಿಯಲಿಲ್ಲ.

ಎರಡನೆಯ ದಿನ, ಮಧ್ಯಾಹ್ನ. ಇದನ್ನೇ ಇಷ್ಟು ವಾರ ಹುಡುಕುತ್ತಿದ್ದೆ. ನೀರು ಪಟ್ಟೆಯ ಮೇಲೆ ಎರಡು ಬೆರಳಿಗೆ ಇಳಿದಿತ್ತು. ಬಣ್ಣ ಕಂದು ಕಳೆದು ಎಳೆಹಸಿರು ಛಾಯೆಗೆ ತಿರುಗಿತ್ತು, ಮುಚ್ಚಳ ಎರಡಡಿ ಆಳದವರೆಗೆ ಮಂಕಾಗಿ ಕಾಣುತ್ತಿತ್ತು. 16 ಡಿಗ್ರಿ. ಮಡುವಿನ ಬದಿಯಲ್ಲಿ ಒಂದು ಸುಳಿ. ಅದರ ನೊರೆ ಅಂಗೈಯಗಲ ತಟ್ಟೆಯಂತೆ ತಿರುಗುತ್ತಿತ್ತು. ಬಗ್ಗಿ ನೋಡಿದರೆ ನೊರೆಯಲ್ಲಿ ಕಪ್ಪು ಚುಕ್ಕೆಗಳು, ರೆಕ್ಕೆಯ ಇರುವೆಗಳು! ಕೆಲವು ಇನ್ನೂ ಕಾಲಾಡಿಸುತ್ತಿದ್ದವು. ಒಂದು ಜೀರುಂಡೆ ಬೆನ್ನಡಿಯಾಗಿ ಸುತ್ತುತ್ತಿತ್ತು. ಮಳೆ ದಡದಿಂದ ತೊಳೆದು ತಂದ ಬುತ್ತಿ ಇದು, ಮೀನುಗಳಿಗೆ ಕುಳಿತಲ್ಲಿಗೇ ಊಟ. ನೋಡುತ್ತಿದ್ದಂತೆಯೇ ನೊರೆಯ ಅಂಚಿನಲ್ಲಿ ಒಂದು ಮೂಗು ಮೇಲೆದ್ದು ಸದ್ದಿಲ್ಲದೆ ಇರುವೆಯೊಂದನ್ನು ಹೀರಿಕೊಂಡಿತು.

ಕಪ್ಪು ಫೋಮಿನ ಜೀರುಂಡೆ ಫ್ಲೈ ಕಟ್ಟಿದೆ. ಟಿಪ್ಪೆಟ್ (ಫ್ಲೈ ಕಟ್ಟುವ ತುದಿಯ ತೆಳು ದಾರ) 4ಎಕ್ಸ್, ಅಂದರೆ ಸುಮಾರು 0.18 ಮಿಲಿಮೀಟರ್ ದಪ್ಪ. ತಿಳಿನೀರಿನಲ್ಲಾದರೆ ಇದು ಹಗ್ಗವೇ ಸರಿ, ಆದರೆ ಆ ಹಸಿರು ನೀರು ಕ್ಷಮಿಸುತ್ತದೆ. ಮೊದಲ ಎಸೆತ ಸೆಳವಿನ ಮೇಲೆ ಬಿದ್ದು ದಾರ ಎಳೆದುಕೊಂಡು ಹೋಯಿತು, ಫ್ಲೈ ನೀರು ಸೀಳುತ್ತ ದೋಣಿಯಂತೆ ಓಡಿತು. ಎರಡನೆಯದಕ್ಕೆ ರಾಡ್ ಎತ್ತರಕ್ಕೆ ಹಿಡಿದು ದಾರ ನೀರಿಗೆ ತಾಗದಂತೆ ನೋಡಿಕೊಂಡೆ. ಜೀರುಂಡೆ ‘ಟಪ್’ ಎಂದು ಬಿತ್ತು. ಮೃದುವಾಗಿ ಇಳಿಸಬೇಕೆಂದು ವರ್ಷಗಟ್ಟಲೆ ಅಭ್ಯಾಸ ಮಾಡಿದವನಿಗೆ ಈ ಟಪ್ ಸದ್ದು ಸ್ವಲ್ಪ ಅವಮಾನ, ಆದರೆ ಮೀನು ತಿರುಗಿದ್ದು ಅದೇ ಸದ್ದಿಗೆ. ಗೇಣಿಗಿಂತ ಎರಡು ಬೆರಳು ಉದ್ದ, ಹೊಟ್ಟೆ ಬೆಣ್ಣೆಯ ಬಣ್ಣ. ಕೊಕ್ಕೆಯ ಒಳಮುಳ್ಳನ್ನು ಮೊದಲೇ ಚಪ್ಪಟೆ ಮಾಡಿದ್ದರಿಂದ ನೀರಿನಿಂದ ಎತ್ತದೆಯೇ ಬಿಡಿಸಲಾಯಿತು. ಸಂಜೆ ಐದರ ತನಕ ಇನ್ನೂ ಆರು ಮೀನು. ಹೆಚ್ಚಿನವು ಮಡುವಿನ ಆಳದಲ್ಲಲ್ಲ, ದಡದ ಬೇರಿನ ಕೆಳಗೆ ಮತ್ತು ಬಂಡೆಗಳ ಹಿಂದಿನ ಶಾಂತ ನೀರಿನಲ್ಲಿ.

ಮೂರನೆಯ ದಿನ. ತಿಳಿ, ಸುಂದರ, ನಿರುಪಯುಕ್ತ. ಮೊದಲ ಎರಡು ಮಳೆಗಳ ನಂತರ ನಾನು ಕಾದು ಕುಳಿತದ್ದು ಈ ದಿನಕ್ಕೆ ಎಂದು ನೆನೆದರೆ ನಗು ಬರುತ್ತದೆ. ನನ್ನ ನೆರಳು ಬಿದ್ದಲ್ಲೆಲ್ಲ ಮೀನು ಬಾಣದಂತೆ ಓಡಿದವು. ಇನ್ನೂ ತೆಳುವಾದ 6ಎಕ್ಸ್‌ಗೆ ಇಳಿದು, ಮೊಣಕಾಲೂರಿ ತೆವಳಿ, ಎರಡು ಚಿಕ್ಕವು. ಮಧ್ಯಾಹ್ನಕ್ಕೆ ಉಷ್ಣಾಂಶ ಮತ್ತೆ ಏರಿ 18.

ಮೂರು ಮಳೆಗಳ ಪುಟಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಮೊದಲನೆಯದು ಅರ್ಧ ಗಂಟೆಯ ಬಿರುಮಳೆ: ನೀರು ಸರ್ರನೆ ಏರಿ ಸರ್ರನೆ ಇಳಿಯಿತು, ಹಸಿರು ಛಾಯೆ ಉಳಿದದ್ದು ಒಂದು ಬೆಳಿಗ್ಗೆ ಮಾತ್ರ, ಆ ಹೊತ್ತಿಗೆ ನಾನು ಮನೆಯಲ್ಲಿದ್ದೆ. ಮೂರನೆಯದು ಗುಡುಗಿನಿಂದ ಶುರುವಾಗಿ ರಾತ್ರಿಯಿಡೀ ಹಿಡಿದ ಜಡಿಮಳೆ. ಕಾಡಿನ ನೆಲ ಕುಡಿದ ನೀರನ್ನು ಮೆಲ್ಲಗೆ ಬಿಟ್ಟುಕೊಟ್ಟಿತು, ಇಳಿತ ನಿಧಾನವಾಯಿತು, ಒಳ್ಳೆಯ ಹೊತ್ತು ಹಿಗ್ಗಿತು. ಇನ್ನೊಂದು: ಮೇಲೆ ತೊರೆ ಎರಡು ಕವಲಾಗುವಲ್ಲಿ, ಮಣ್ಣಿನ ರಸ್ತೆ ದಾಟಿ ಬರುವ ಎಡಗವಲು ಎರಡನೆಯ ದಿನವೂ ಕೆಂಪಾಗಿಯೇ ಇತ್ತು, ಬರೀ ಕಾಡಿನಿಂದ ಬರುವ ಬಲಗವಲು ಆಗಲೇ ತಿಳಿಯಾಗಿತ್ತು. ಕೆಳಗೆ ರಾಡಿಯಿದ್ದ ಮೊದಲ ಬೆಳಿಗ್ಗೆ ಬಲಗವಲಿಗೆ ಹತ್ತಿದ್ದರೆ ಏನಾಗುತ್ತಿತ್ತೋ, ನಾಲ್ಕನೆಯ ಮಳೆಗೆ ಅದೇ ಪರೀಕ್ಷೆ.

ಈ ಸಂಜೆ ಬೆಟ್ಟದ ನೆತ್ತಿ ಕಪ್ಪಾಗಿದೆ. ಮೂರು ಜೀರುಂಡೆ ಕಟ್ಟಿ ಮುಗಿಸಿದ್ದೇನೆ, ಬೆನ್ನಿಗೆ ಒಂದು ಚೂರು ಬಿಳಿ ನೂಲು ಸೇರಿಸಿ, ಯಾಕೆಂದರೆ ನೊರೆಯಲ್ಲಿ ಕಪ್ಪು ಫ್ಲೈ ಯಾವುದು, ನಿಜವಾದ ಜೀರುಂಡೆ ಯಾವುದು ಎಂದು ಮೊನ್ನೆ ಎರಡು ಸಲ ನಾನೇ ಮೋಸ ಹೋದೆ.