ರಾತ್ರಿ ಒಂದೂವರೆ ಎರಡು ಸಲ ಬಂದಾಗ

ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ‘ಡೇಲೈಟ್ ಸೇವಿಂಗ್’ ಪದ್ಧತಿಯಿಂದಾಗಿ ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ವರ್ಷದ ಒಂದು ದಿನಕ್ಕೆ 23 ಗಂಟೆ, ಇನ್ನೊಂದು ದಿನಕ್ಕೆ 25. ಮಾರ್ಚ್ ಎರಡನೇ ಭಾನುವಾರ ನಸುಕಿನ ಎರಡಕ್ಕೆ ಗಡಿಯಾರ ನೇರ ಮೂರಕ್ಕೆ ಜಿಗಿಯುತ್ತದೆ. ನವೆಂಬರ್ ಮೊದಲ ಭಾನುವಾರ ಎರಡಾಗುವ ಹೊತ್ತಿಗೆ ಮತ್ತೆ ಒಂದಕ್ಕೆ ಮರಳುತ್ತದೆ. 2026ರಲ್ಲಿ ಇವು ಮಾರ್ಚ್ 8 ಮತ್ತು ನವೆಂಬರ್ 1. ನ್ಯೂಯಾರ್ಕಿನ ಬೆಳಗಿನ 9ರ ಮೀಟಿಂಗ್ ಭಾರತದಲ್ಲಿ ಬೇಸಿಗೆಗೆ ಸಂಜೆ 6.30, ಚಳಿಗಾಲಕ್ಕೆ 7.30 ಆಗುವುದು ಇದರಿಂದಲೇ. ಅದು ಎಲ್ಲರಿಗೂ ಗೊತ್ತು. ಗೊಂದಲವಿರುವುದು ಆ ರಾತ್ರಿ ಡೇಟಾಬೇಸ್ ಸರ್ವರ್ ಏನು ಮಾಡುತ್ತದೆ ಅನ್ನುವುದರಲ್ಲಿ.

ನಿಜಕ್ಕೂ ಸರ್ವರ್ ಏನೂ ಮಾಡುವುದಿಲ್ಲ. ಸರ್ವರ್‌ನ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್ ತನ್ನ ಪಾಡಿಗೆ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಲೆಕ್ಕದಲ್ಲಿ ಸೆಕೆಂಡ್ ಎಣಿಸುತ್ತಿರುತ್ತದೆ, ಗಡಿಯಾರವನ್ನು ನೆಟ್‌ವರ್ಕ್ ಮೂಲಕ ಸರಿಹೊಂದಿಸುವ ಎನ್‌ಟಿಪಿ ತಂದುಕೊಡುವುದೂ ಯುಟಿಸಿಯನ್ನೇ. ಬದಲಾಗುವುದು ಆ ಎಣಿಕೆಯನ್ನು ನಮಗೆ ಓದಿ ಹೇಳುವ ರೀತಿ ಮಾತ್ರ. ಆದ್ದರಿಂದ ಆ ರಾತ್ರಿ ಸಿಸ್ಟಮ್ ಟೈಮನ್ನು ಯಾರೂ ಕೈಯಾರೆ ತಿರುಗಿಸಬಾರದು. ಕೆಟ್ಟ ಡೇಟಾಬೇಸನ್ನು ಮರಳಿ ಕಟ್ಟುವ ರಿಕವರಿಗೂ ಭಯವಿಲ್ಲ: ಡೇಟಾಬೇಸ್ ತಂತ್ರಾಂಶಗಳಾದ ಒರಾಕಲ್ ಎಸ್‌ಸಿಎನ್, ಪೋಸ್ಟ್‌ಗ್ರೆಸ್ ಎಲ್‌ಎಸ್‌ಎನ್ ಎಂಬ ಏರುಸಂಖ್ಯೆಯನ್ನು ನಂಬಿ ನಡೆಯುತ್ತವೆ, ಗಡಿಯಾರವನ್ನಲ್ಲ. ಆದರೆ ಯಾರಾದರೂ ‘1.30ರ ಸ್ಥಿತಿಗೆ ತಂದುಕೊಡಿ’ ಎಂದರೆ ಯಾವ 1.30 ಎಂದು ಕೇಳಲೇಬೇಕು. ನ್ಯೂಯಾರ್ಕಿನಲ್ಲಿ ಮೊದಲನೆಯದು ಯುಟಿಸಿಗಿಂತ 4 ಗಂಟೆ ಹಿಂದೆ, ಎರಡನೆಯದು 5 ಗಂಟೆ ಹಿಂದೆ.

ಕೆಡುವುದು, ಓದಿದ ಸಮಯವನ್ನೇ ಬರೆದಿಟ್ಟಾಗ. 15 ನಿಮಿಷಕ್ಕೊಮ್ಮೆ ರೀಡಿಂಗ್ ಕಳಿಸುವ ವಿದ್ಯುತ್ ಮೀಟರ್ ತೆಗೆದುಕೊಳ್ಳಿ. ಮಾಮೂಲಿ ದಿನಕ್ಕೆ 96 ಸಾಲು, ಮಾರ್ಚ್‌ನ ಆ ದಿನ 92, ನವೆಂಬರ್‌ನಲ್ಲಿ 100. ಮೀಟರ್ ನಂಬರ್ ಮತ್ತು ಸ್ಥಳೀಯ ಸಮಯ ಸೇರಿ ಯೂನಿಕ್ ಕೀ (ಎರಡು ಸಲ ಬರಬಾರದ ಗುರುತು) ಆಗಿದ್ದರೆ ಎರಡನೇ ಸಲದ 1.00, 1.15, 1.30, 1.45 ನಕಲು ಎಂದು ತಿರಸ್ಕೃತವಾಗುತ್ತವೆ. ಅದಾದರೂ ವಾಸಿ, ಎರರ್ ಕಾಣಿಸುತ್ತದೆ. ‘ಇದ್ದರೆ ಅಪ್‌ಡೇಟ್ ಮಾಡು’ ಅಂತ ಬರೆದಿದ್ದರೆ ಮೊದಲ ಗಂಟೆಯ ನಾಲ್ಕು ರೀಡಿಂಗ್ ಸದ್ದಿಲ್ಲದೆ ಅಳಿಸಿಹೋಗುತ್ತವೆ.

ಸಮಯ ಬರೆದಿಡುವ ಬಗೆಗಳಲ್ಲಿ ಒರಾಕಲ್‌ನ ಡೇಟ್, ಇನ್ನೊಂದು ಡೇಟಾಬೇಸ್ ಆದ ಮೈಎಸ್‌ಕ್ಯುಎಲ್‌ನ ಡೇಟ್‌ಟೈಮ್ ಎರಡೂ ಸಮಯ ವಲಯವಿಲ್ಲದ ಬರೀ ಅಂಕಿ. ಮೈಎಸ್‌ಕ್ಯುಎಲ್‌ನ ಟೈಮ್‌ಸ್ಟ್ಯಾಂಪ್ ಒಳಗೆ ಯುಟಿಸಿ ಇಡುತ್ತದೆ, ನಿಜ; ಆದರೆ ಸೆಷನ್ (ಡೇಟಾಬೇಸಿನೊಡನೆ ತೆರೆದ ಸಂಪರ್ಕ) ನ್ಯೂಯಾರ್ಕ್ ಸಮಯದಲ್ಲಿದ್ದರೆ ಎರಡೂ 1.30 ಒಂದೇ ಕ್ಷಣವಾಗಿ ಕೂರುತ್ತವೆ. ಸೆಷನ್ ವಲಯವನ್ನೇ +00:00 ಮಾಡುವುದು ಕ್ಷೇಮ. ಪೋಸ್ಟ್‌ಗ್ರೆಸ್‌ನಲ್ಲಿ ವಲಯವನ್ನು ಗಮನಿಸುವ ಟೈಮ್‌ಸ್ಟ್ಯಾಂಪ್‌ಟಿಝಡ್ ಬಳಸಿ. ಒರಾಕಲ್‌ನಲ್ಲಿ ಇನ್ನೊಂದು ಗುಟ್ಟು: ಈಗಿನ ಸಮಯ ಕೊಡುವ ಸಿಸ್‌ಡೇಟ್ ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್‌ನಲ್ಲಿ ವಲಯ ಹೇಳುವ ಟಿಝಡ್ ವೇರಿಯಬಲ್ ಅನುಸರಿಸುತ್ತದೆ, ಡೇಟಾಬೇಸಿನ ಸ್ವಂತ ವಲಯವಾದ ಡಿಬಿಟೈಮ್‌ಝೋನ್ ಅನ್ನಲ್ಲ. ಬೇರೆ ಟಿಝಡ್‌ನಲ್ಲಿ ಲಿಸನರ್ (ಹೊರಗಿನ ಸಂಪರ್ಕಗಳನ್ನು ಬರಮಾಡಿಕೊಳ್ಳುವ ಪ್ರೋಗ್ರಾಂ) ಶುರುಮಾಡಿದರೆ ಅದರ ಮೂಲಕ ಬಂದವರಿಗೆ ಬೇರೆಯೇ ಸಮಯ ಕಾಣಬಹುದು.

ಮಾರ್ಚ್‌ನ ತಂಟೆ ತದ್ವಿರುದ್ಧ: 2.30 ಎಂಬುದೇ ಇಲ್ಲ. ಆ ವಲಯದ 2.30 ಕೊಟ್ಟರೆ ಒರಾಕಲ್ ಒಆರ್‌ಎ-01878 ಎಂಬ ಎರರ್ ಎಸೆಯುತ್ತದೆ. ಪೋಸ್ಟ್‌ಗ್ರೆಸ್ ತಕರಾರಿಲ್ಲದೆ 3.30 ಎಂದು ಓದಿಕೊಳ್ಳುತ್ತದೆ. ಈ ಸೌಜನ್ಯಕ್ಕಿಂತ ಎರರ್ ಬಂದರೇ ಒಳ್ಳೆಯದು. ಬ್ಯಾಕಪ್, ಬಿಲ್ಲಿಂಗ್ ಜಾಬ್‌ಗಳನ್ನು ಒಂದರಿಂದ ಮೂರರ ನಡುವೆ ಇಡಲೇಬೇಡಿ.

ಎಲ್ಲವನ್ನೂ ಯುಟಿಸಿಯಲ್ಲಿಡಿ ಅನ್ನುವ ಸಲಹೆ ಆಗಿಹೋದ ಘಟನೆಗಳಿಗೆ ಸರಿ. ಮುಂದಿನ ವರ್ಷದ ಅಪಾಯಿಂಟ್‌ಮೆಂಟಿಗೆ ಸ್ಥಳೀಯ ಸಮಯವನ್ನೂ ‘ಅಮೆರಿಕ/ನ್ಯೂಯಾರ್ಕ್’ ಎಂಬಂಥ ವಲಯದ ಹೆಸರನ್ನೂ ಇಡಬೇಕು, ಏಕೆಂದರೆ ಸರ್ಕಾರಗಳು ನಿಯಮ ಬದಲಿಸುತ್ತವೆ: ಅಮೆರಿಕ 2007ರಲ್ಲಿ ದಿನಾಂಕ ಬದಲಿಸಿತು, ಬ್ರೆಜಿಲ್ 2019ರಲ್ಲಿ ಪದ್ಧತಿಯನ್ನೇ ಕೈಬಿಟ್ಟಿತು. ಹಾಗಾದಾಗ ಆಪರೇಟಿಂಗ್ ಸಿಸ್ಟಮ್‌ನ ಟಿಝಡ್‌ಡೇಟಾ (ವಲಯಗಳ ನಿಯಮಗಳ ಪಟ್ಟಿ) ಹೊಸದು ಮಾಡಿದರೆ ಸಾಲದು. ಜಾವಾಕ್ಕೂ ಒರಾಕಲ್‌ಗೂ ಅವುಗಳದೇ ಪ್ರತ್ಯೇಕ ಪಟ್ಟಿ ಇದೆ. ಮೈಎಸ್‌ಕ್ಯುಎಲ್‌ನಲ್ಲಿ ವಲಯದ ಪಟ್ಟಿ ತುಂಬಿಸದೇ ಇದ್ದರೆ, ವಲಯದ ಹೆಸರು ಕೊಟ್ಟು, ಸಮಯವನ್ನು ಬೇರೆ ವಲಯಕ್ಕೆ ಬದಲಿಸುವ ಕನ್ವರ್ಟ್‌ಟಿಝಡ್ ಫಂಕ್ಷನ್ ಕರೆದಾಗ ಎರರ್ ಬರುವುದಿಲ್ಲ, ಸುಮ್ಮನೆ ನಲ್, ಅಂದರೆ ಖಾಲಿ ಉತ್ತರ ಬರುತ್ತದೆ.