ಹುಳ್ಳಿ ಹಾಸಿದ ದಾರಿಯಲ್ಲಿ ಕ್ಯಾಂಪರ್ ವ್ಯಾನ್

ತುಮಕೂರಿನಿಂದ ಕೊರಟಗೆರೆ ಮೇಲೆ ಮಧುಗಿರಿಗೆ ಹೆದ್ದಾರಿ ಹಿಡಿದರೆ ಗಂಟೆಯ ಮೇಲೊಂದಿಷ್ಟು ಹೊತ್ತು. ದೇವರಾಯನದುರ್ಗದ ಬುಡದಿಂದ ಊರೂರು ಸುತ್ತಿಕೊಂಡು ಹೋದರೆ ಅರ್ಧ ದಿನ ಬೇಕು. ಮಂಚ, ಅಡುಗೆಮನೆ ಹೊತ್ತು ತಿರುಗುವ ಕ್ಯಾಂಪರ್ ವ್ಯಾನಿಗೆ ಎರಡನೆಯದೇ ಚೆಂದ, ನಕ್ಷೆ ಸರಿಯಿದ್ದರೆ.

ಗೂಗಲ್ ಮ್ಯಾಪ್ಸ್ ಒಂದನ್ನೇ ನಂಬಿದರೆ ಕೆಟ್ಟಿರಿ. ಅದಕ್ಕೆ ಕಾರೂ ಒಂದೇ, ತಲೆ ಮೇಲೆ ಸೋಲಾರ್ ಫಲಕ ಹೊತ್ತ ವ್ಯಾನೂ ಒಂದೇ. ಓಎಸ್‌ಎಂಆಂಡ್ ಎಂಬ ನಕ್ಷೆ ಆ್ಯಪ್‌ನಲ್ಲಿ ಗಾಡಿಯ ಎತ್ತರ ನಮೂದಿಸಬಹುದು, ಆದರೆ ಊರೊಳಗೆ ಜೋತುಬಿದ್ದ ಕರೆಂಟ್ ತಂತಿ ಅದರಲ್ಲಿ ಎಲ್ಲಿರುತ್ತದೆ? ನೀರಿನ ಟ್ಯಾಂಕು ಖಾಲಿಯಿದ್ದಾಗಲೇ ಎತ್ತರ ಅಳೆಯಿರಿ. ತುಂಬಿದ ಗಾಡಿ ಪಟ್ಟಾ (ಸ್ಪ್ರಿಂಗ್) ಕುಸಿದು ತಗ್ಗಿರುತ್ತದೆ. ಆ ಅಳತೆ ನಂಬಿ ಗೌರಿಬಿದನೂರು ಕಡೆ ಹೋದರೆ ರೈಲ್ವೆ ಅಂಡರ್‌ಪಾಸಿನ ಅಡ್ಡಕಂಬಿ ಪಾಠ ಕಲಿಸುತ್ತದೆ. ಉಪಗ್ರಹ ಚಿತ್ರದಲ್ಲಿ ರಸ್ತೆ ಮರದಡಿ ಮಾಯವಾದ ಕಡೆ ಹುಣಸೆ ಕೊಂಬೆ ಇದೆಯೆಂದೇ ತಿಳಿಯಿರಿ.

ಈ ಸೀಮೆಗೆ ಸರ್ಕಾರಿ ನಕ್ಷೆ ಸಂಸ್ಥೆ ಸರ್ವೆ ಆಫ್ ಇಂಡಿಯಾದ ಹಳೇ 57 ಜಿ/2, 57 ಜಿ/3 ನಕ್ಷೆ ಹಾಳೆಗಳು ಸಾಕು. 2 ಸೆಂ.ಮೀ.ಗೆ 1 ಕಿ.ಮೀ. ಅಳತೆ. ಡಾಂಬರಿನ ವಿಷಯದಲ್ಲಿ ಅವು ಹಳಸಲು, ಕೆರೆಗಳ ವಿಷಯದಲ್ಲಿ ಅಲ್ಲ. ಏರಿಯ ಪಕ್ಕ '6ಆರ್' ಎಂದಿದ್ದರೆ ಏರಿ ನೆಲದಿಂದ ಆರು ಮೀಟರ್ ಎತ್ತರ ಎಂದರ್ಥ. ಅದರ ಮೇಲೇ ರಸ್ತೆ ಹಾದಿದ್ದರೆ ಮೊದಲು ನಡೆದು ನೋಡಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೇ ತೆಗೆಯಬೇಕು. ಕೋಡಿಯ ತಗ್ಗಿನಲ್ಲಿ ಇಳಿದು ಹತ್ತುವಾಗ ಹಿಂಬದಿಯ ಬಂಪರ್ ನೆಲ ಕೆರೆಯುತ್ತದೆ.

ಯಾವ ನಕ್ಷೆಯೂ ಹೇಳದ್ದು ಒಕ್ಕಣೆ. ಜನವರಿಯಲ್ಲಿ ರಸ್ತೆಯೇ ಕಣ, ಗಾಡಿಗಳು ತುಳಿದು ಕಾಳು ಉದುರಲೆಂದು ರಾಗಿ, ಹುಳ್ಳಿ (ಹುರುಳಿ) ಹಾಸಿರುತ್ತಾರೆ. ಕೊರಟಗೆರೆ ಇನ್ನೂ ದೂರವಿರುವಾಗ, ಮೊರ ಹಿಡಿದ ಅಜ್ಜಿಯೊಬ್ಬರು ಕೈ ಅಡ್ಡ ಹಿಡಿದು ವ್ಯಾನ್ ನಿಲ್ಲಿಸಿದರು.

"ರಾಗಿಯಾದ್ರೆ ತುಳ್ಕಂಡು ಹೋಗಪ್ಪ. ಹುಳ್ಳಿ ಮ್ಯಾಲೆ ಬ್ಯಾಡ, ಬೆಂಕಿ ಹತ್ಕಂತದೆ."

"ಕಾಳು ಉದುರೋದು ಗಾಡಿ ಹೋದ್ರೇ ಅಲ್ವಾ ಅಜ್ಜಿ?"

"ಲಾರಿ ಎತ್ರ ಇರ್ತದೆ. ನಿಂದು ನೋಡು, ಹೊಟ್ಟೆ ನೆಲಕ್ಕೈತೆ."

ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಹುರುಳಿ ಬಳ್ಳಿ ತಿರುಗುವ ಶಾಫ್ಟಿಗೆ ಸುತ್ತಿಕೊಂಡು, ಬಿಗಿಯಾಗಿ, ಸೈಲೆನ್ಸರ್ ಕೊಳವೆಗೆ ತಾಗುತ್ತದೆ. ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ) ಡೀಸೆಲ್ ಗಾಡಿಯ ಹೊಗೆ ಫಿಲ್ಟರ್ ಮಸಿ ಸುಟ್ಟುಕೊಳ್ಳುವಾಗ ಇನ್ನೂ ಕಾಯುತ್ತದೆ. ಬಳ್ಳಿ ಸರಿಸಿಕೊಡಿ ಎಂದು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ದಾಟಲೇಬೇಕಾದರೆ ನಡುವೆ ನಿಲ್ಲಿಸದೆ ದಾಟಿ, ಬರಿನೆಲದಲ್ಲಿ ಎಂಜಿನ್ ಆರಿಸಿ, ತಣಿದ ಮೇಲೆ ಕೆಳಗೆ ನುಗ್ಗಿ ಕುಡುಗೋಲಿನಿಂದ ಕತ್ತರಿಸಿ ತೆಗೆಯಿರಿ. ಅಡುಗೆ ಗ್ಯಾಸಿನ ಸಿಲಿಂಡರ್ ಕವಾಟ ಆಗ ಮುಚ್ಚಿರಬೇಕು, ಬೆಂಕಿ ಆರಿಸುವ ಡಬ್ಬಿ ಕೈಗೆಟಕುವಂತಿರಬೇಕು, ಮಂಚದ ಕೆಳಗಲ್ಲ.